ಬಣ್ಣವೇ ಇಲ್ಲದ ಅಚ್ಚುಗಳು

ಮುಂಬೈ, ಹೈದರಾಬಾದಿನ ಅಂಗಡಿಗಳಲ್ಲಿ ‘ಅಜ್ರಕ್’ ಅಂತ ಹೇಳಿ ಮಾರುವ ನೀಲಿ-ಕೆಂಪು ದುಪಟ್ಟಾ ನೀವು ನೋಡಿಯೇ ಇರುತ್ತೀರಿ. ಅರಬಿಯಲ್ಲಿ ‘ಅಝ್ರಕ್’ ಅಂದರೆ ನೀಲಿ. ಹೆಸರು ಅಲ್ಲಿಂದಲೇ ಬಂತು ಅಂತಾರೆ. ಇದನ್ನು ತಯಾರಿಸುವ ಕಛ್‌ನ ಖತ್ರಿಗಳಲ್ಲಿ ಇನ್ನೊಂದು ಅರ್ಥವೂ ಇದೆ: ‘ಆಜ್ ರಖ್’, ಇವತ್ತಿಗೆ ಹಾಗೇ ಇಡು. ಕೆಲಸದ ನಿಧಾನ ನೋಡಿದರೆ ಇದೂ ಒಪ್ಪುವ ಮಾತೇ.

ಬಾದಾಮಿ, ಹೂವು, ನಕ್ಷತ್ರ: ವಿನ್ಯಾಸಗಳು ಹೆಚ್ಚಾಗಿ ಪ್ರಕೃತಿಯವೇ. ಒಂದು ಹೂವು ತಗೊಳ್ಳಿ. ಬಿಳಿ ಗೆರೆ, ಕಪ್ಪು ಅಂಚು, ಕೆಂಪು ಎಸಳು, ಸುತ್ತ ನೀಲಿ. ನಾಲ್ಕು ಬಣ್ಣ, ನಾಲ್ಕು ಅಚ್ಚು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಹಾಗಲ್ಲ.

ಬಟ್ಟೆಯನ್ನು ಚೆನ್ನಾಗಿ ಒಗೆದು ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ತೇಗದ ಮೊದಲ ಅಚ್ಚು ಒತ್ತುವುದು ಸುಣ್ಣ ಮತ್ತು ಗೋಂದನ್ನು. ಅದು ಬಣ್ಣ ಕೊಡುವುದಿಲ್ಲ, ಬಣ್ಣವನ್ನು ತಡೆಯುತ್ತದೆ. ಆ ಗೆರೆ ಕೊನೆಗೂ ಬಿಳಿಯಾಗಿಯೇ ಉಳಿಯಬೇಕು. ಎರಡನೆಯದು ಬೆಲ್ಲದ ನೀರಿನಲ್ಲಿ ಕೊಳೆಸಿದ ತುಕ್ಕು ಕಬ್ಬಿಣದ ರಸ, ಹುಣಸೆಬೀಜದ ಪುಡಿ ಹಾಕಿ ಮಂದ ಮಾಡಿದ್ದು. ಬಟ್ಟೆಯಲ್ಲಿರುವ ಅಳಲೆಯ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪು. ಮೂರನೆಯದು ಪಟಿಕ, ಜೇಡಿಮಣ್ಣು, ಗೋಂದು. ಕೆಂಪು ಬರಬೇಕಾದ ಜಾಗ ಇದು, ಆದರೆ ಈಗ ಅಲ್ಲಿ ಕಾಣುವುದು ಬರೀ ಕೆಸರು. ನೀಲಿಗಂತೂ ಅಚ್ಚೇ ಇಲ್ಲ. ಇಡೀ ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಹಸಿರಾಗಿ ಮೇಲೆ ಬಂದದ್ದು ಗಾಳಿಗೆ ನೀಲಿಯಾಗುತ್ತದೆ. ಆಮೇಲೆ ತೊಳೆದು, ಮಂಜಿಷ್ಠದಲ್ಲೋ ಅಲಿಜರಿನ್‌ನಲ್ಲೋ ಕುದಿಸಿದಾಗ ಪಟಿಕ ಬಿದ್ದ ಕಡೆ ಮಾತ್ರ ಕೆಂಪು ಹಿಡಿಯುತ್ತದೆ.

ಎಲ್ಲ ಅಚ್ಚೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅದಕ್ಕೆ ಕಣ್ಣಳತೆಯೇ ಗತಿ. ಹಿಂದಿನ ಗುರುತಿನ ಮೂಲೆಗೆ ಹೊಂದಿಸಿ ಮುಷ್ಟಿಯಿಂದ ಗುದ್ದುತ್ತಾರೆ. ಕೂದಲೆಳೆ ಜರುಗಿದರೂ ಎಸಳು ಗೆರೆ ದಾಟುತ್ತದೆ.

ಇಷ್ಟೆಲ್ಲ ನಿಂತಿರುವುದು ನೀರಿನ ಮೇಲೆ. ಖತ್ರಿಗಳ ಹಳೆಯ ಊರು ಧಮಡ್ಕಾದಲ್ಲಿ ನದಿ ಬತ್ತಿತು. 2001ರ ಜನವರಿ 26ರ ಭೂಕಂಪ ಊರನ್ನು ಕೆಡವಿತು, ಬಾವಿನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿತು. ಕಬ್ಬಿಣ ಏನು ಮಾಡುತ್ತದೆ ಅಂತ ಈಗಷ್ಟೇ ನೋಡಿದೆವಲ್ಲ! ಕೆಂಪೆಲ್ಲ ಮಂಕು. ಹಲವು ಕುಟುಂಬಗಳು ಭುಜ್ ಹತ್ತಿರ ಅಜ್ರಕ್‌ಪುರ ಅನ್ನುವ ಹೊಸ ಊರನ್ನೇ ಕಟ್ಟಿಕೊಂಡವು. ಕೆಲವರು ಹಳೆಯ ಊರಲ್ಲೇ ಉಳಿದರು.

ಸ್ಕ್ರೀನ್ ಪ್ರಿಂಟ್‌ನ ನಕಲು ಅಗ್ಗ, ಗೆರೆಯೂ ನೇರ. ಮುಂದಿನ ಸಲ ಅಂಗಡಿಯಲ್ಲಿ ದುಪಟ್ಟಾವನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲೋ ಒಂದೆರಡು ಕಡೆ ಎಸಳು ಗೆರೆಯಿಂದ ಸ್ವಲ್ಪ ಜರುಗಿದ್ದರೆ, ಬೆಲೆ ಕೇಳಿ ಗಾಬರಿಯಾಗಬೇಡಿ.