ಇದ್ದ ಕಾರನ್ನು ತಿದ್ದುವುದೋ, ಹೊಸದಾಗಿ ಕಟ್ಟುವುದೋ?

ತಾಳವಾಡಿಯಿಂದ ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಹೋದರೆ ಅಲ್ಲಿನ ಚೆಟ್ಟಿಪಾಳ್ಯಂನಲ್ಲಿ ಕಾರು ಓಟದ ಪಂದ್ಯಕ್ಕೆಂದೇ ಮಾಡಿದ ಒಂದು ಹಾದಿ ಇದೆ. ಹೊಸೂರಿನ ಕಡೆಯವರಿಗೆ ಚೆನ್ನೈ ಹೆದ್ದಾರಿಯಲ್ಲೇ, ಇರುಂಗಾಟ್ಟುಕೋಟ್ಟೈಯಲ್ಲಿ, 1990ರಲ್ಲಿ ತೆರೆದ ಇನ್ನೊಂದಿದೆ. ಗ್ಯಾರೇಜಿನಲ್ಲೋ ಲೇತ್ ಅಂಗಡಿಯಲ್ಲೋ ದುಡಿಯುವ ನಮ್ಮ ಹುಡುಗರು ಇವನ್ನು ನೋಡಿ ಬಂದ ಮೇಲೆ ಒಂದು ಯೋಚನೆ ಹತ್ತಿಕೊಳ್ಳುತ್ತದೆ. ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಕಾರನ್ನು ತಿದ್ದಿ ಟ್ರ್ಯಾಕಿಗೆ ಇಳಿಸೋಣವೇ, ಇಲ್ಲ ಪೈಪು ತಂದು ಬುಡದಿಂದಲೇ ಒಂದನ್ನು ಕಟ್ಟೋಣವೇ?

ಮೊದಲು ಎರಡಕ್ಕೂ ಸೇರಿದ ಒಂದು ಮಾತು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹೇಳಿತು. ಆದ್ದರಿಂದ ಟ್ರ್ಯಾಕ್ ಕಾರು ಎಂದರೆ ಟ್ರ್ಯಾಕಿಗೆ ಮಾತ್ರ. ಅಲ್ಲಿಯವರೆಗೆ ಲಾರಿಯ ಮೇಲೋ ಟ್ರೇಲರಿನ ಮೇಲೋ ಹೊತ್ತೊಯ್ಯಬೇಕು. ಆ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು.

ತಿದ್ದುವ ದಾರಿಯನ್ನು ನೋಡೋಣ. ಹಳೆಯ ಮಾರುತಿ 800 ನಮಗೆಲ್ಲ ಗೊತ್ತಿರುವ ಗಾಡಿ. 796 ಸಿ.ಸಿ., ಮೂರು ಸಿಲಿಂಡರು, ತೂಕ ಸುಮಾರು 650 ಕಿಲೋ. ಕಾರ್ಬುರೇಟರ್ ಕಾಲದ ಎಂಜಿನ್ನಿನ ಶಕ್ತಿ 40 ಅಶ್ವಶಕ್ತಿಯ ಒಳಗೇ. ಹುಡುಗರು ಮೊದಲು ಕೈ ಹಾಕುವುದು ಎಂಜಿನ್ನಿಗೆ. ನನ್ನ ಕೇಳಿದರೆ ಅದು ಕೊನೆಯ ಕೆಲಸ. ಮೊದಲು ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಊರಿನ ರಸ್ತೆಯಲ್ಲಿ ಅದು ಗೊತ್ತಾಗುವುದಿಲ್ಲ. ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಬಿಸಿಯೇರಿದಾಗ ಆ ನೀರು ಕುದಿದು ಆವಿಯಾಗುತ್ತದೆ, ಒತ್ತಿದ ಪೆಡಲು ಮೆತ್ತಗೆ ನೆಲದವರೆಗೂ ಇಳಿಯುತ್ತದೆ. ಹೊಸ ಆಯಿಲ್, ಒಳ್ಳೆಯ ಪ್ಯಾಡು, ಗಟ್ಟಿ ಟಯರು, ಸ್ಪ್ರಿಂಗು ಇವಾದ ಮೇಲೆ ಉಳಿದದ್ದು. ಸೀಟು, ಹಾಸು ಕಿತ್ತು ಇಳಿಸಿದ ತೂಕದಲ್ಲಿ ಸ್ವಲ್ಪ ಭಾಗ ರೋಲ್ ಕೇಜ್ ರೂಪದಲ್ಲಿ ಮರಳಿ ಬರುತ್ತದೆ. ಕಾರು ಮಗುಚಿದರೆ ತಲೆ ಉಳಿಸುವ ಪೈಪಿನ ಪಂಜರ ಅದು. ಅದರಲ್ಲಿ ಜಿಪುಣತನ ಸಲ್ಲದು.

ಕಾಸರಗೋಡಿನ ಕೇಳುಗರು ಇಲ್ಲಿ ಕಿವಿಗೊಡಬೇಕು. ಕಡಲ ಗಾಳಿಯಲ್ಲಿ ಹತ್ತಾರು ಮಳೆಗಾಲ ಕಂಡ ಕಾರಿನ ಬಣ್ಣ ಮೇಲೆ ಹೊಳೆಯುತ್ತಿರಬಹುದು, ಬಾಗಿಲ ಕೆಳಗಿನ ತಗಡು ಒಳಗೆ ತುಕ್ಕು ತಿಂದು ಹಪ್ಪಳವಾಗಿರುತ್ತದೆ. ಅಂಥ ತಳಕ್ಕೆ ಬೆಸೆದ ಪಂಜರದ ಕಾಲು ಪೆಟ್ಟು ಬಿದ್ದಾಗ ತಗಡನ್ನು ತೂತು ಮಾಡಿಕೊಂಡು ಇಳಿಯುತ್ತದೆ. ಮ್ಯಾಟು ಎತ್ತಿ, ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿಯೇ ಕೊಳ್ಳಬೇಕು. ಬೇರೆಯವರು ಓಡಿಸಿ ಮಾರುವ ಸಿದ್ಧ ಟ್ರ್ಯಾಕ್ ಕಾರು ಅಗ್ಗಕ್ಕೆ ಸಿಗುವುದುಂಟು. ಆದರೆ ಅವರ ಬೆಸುಗೆ, ಅವರ ವೈರಿಂಗು, ಅವರು ಗೋಡೆಗೆ ಗುದ್ದಿದ್ದು, ಎಲ್ಲವೂ ಜೊತೆಗೇ ಬರುತ್ತವೆ.

ಇನ್ನು ಬುಡದಿಂದ ಕಟ್ಟುವುದು. ನಾಲ್ಕು ಬಿದಿರು ಕಟ್ಟಿದ ಹೊಲದ ಗೇಟನ್ನು ಮೂಲೆಯಲ್ಲಿ ಒತ್ತಿದರೆ ವಾಲುತ್ತದೆ. ಒಂದು ಓರೆಗಳು ಹಾಕಿದರೆ ಅಲುಗಾಡದೆ ನಿಲ್ಲುತ್ತದೆ. ಪೈಪಿನ ಚಾಸಿಯ ಗುಟ್ಟೆಲ್ಲ ಈ ತ್ರಿಕೋನದಲ್ಲಿದೆ. ಇಂಗ್ಲೆಂಡಿನ ಕಾಲಿನ್ ಚಾಪ್ಮನ್ ಹೀಗೆ ತೆಳುಪೈಪಿನಲ್ಲಿ ಕಟ್ಟಿದ ಕಾರುಗಳಿಂದಲೇ ಹೆಸರಾದವನು. 1957ರ ಅವನ ಲೋಟಸ್ ಸೆವೆನ್ 500 ಕಿಲೋ ಕೂಡ ತೂಗುತ್ತಿರಲಿಲ್ಲ. ಆದರೆ 1948ರಲ್ಲಿ ಅವನು ಶುರುಮಾಡಿದ್ದು ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ತಿದ್ದಿ!

ಕಟ್ಟುವುದರಲ್ಲಿ ಕಷ್ಟ ಬೆಸುಗೆಯದ್ದಲ್ಲ, ಅಳತೆಯದ್ದು. ಅಚ್ಚು ಓರೆಯಾದ ಎತ್ತಿನ ಗಾಡಿ ಒಂದು ಕಡೆಗೇ ಎಳೆಯುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಸಸ್ಪೆನ್ಷನ್ ಕೂರುವ ಬಿಂದು ಎಡಕ್ಕೂ ಬಲಕ್ಕೂ ಕೆಲವೇ ಮಿಲಿಮೀಟರು ವ್ಯತ್ಯಾಸವಾದರೂ ಬ್ರೇಕು ಒತ್ತಿದಾಗ ಕಾರು ಪಕ್ಕಕ್ಕೆ ಹೊರಳಬಹುದು. ಬೆಸುಗೆಯ ಬಿಸಿಗೆ ಪೈಪು ಸೊಟ್ಟಗಾಗುತ್ತದೆ. ಸಮತಟ್ಟಾದ ಉಕ್ಕಿನ ಮೇಜು, ಬಿಗಿಹಿಡಿಯುವ ಜಿಗ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಚಾಸಿ ನಿಂತಾಗ ಅರ್ಧ ಮುಗಿಯಿತು ಅನ್ನಿಸುತ್ತದೆ. ಪೆಡಲು, ರೇಡಿಯೇಟರು, ಪೆಟ್ರೋಲು ಕೊಳವೆ, ವೈರಿಂಗು ಆಮೇಲೆ ತಿಂಗಳುಗಟ್ಟಲೆ ತಿನ್ನುತ್ತವೆ. ಕೈಬಿಟ್ಟರೆ ಗುಜರಿ ಬೆಲೆ.

ನಡುವೆ ಒಂದು ದಾರಿಯನ್ನು ನಮ್ಮ ನೆರೆಯವರೇ ತೋರಿಸಿದ್ದಾರೆ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಕಾರು ರೂಪಿಸಿದರು. ಚಾಸಿ ಹೊಸದು. ಎಂಜಿನ್ ಮಾತ್ರ ಅದೇ ಮಾರುತಿ 800ರದು, ಚಾಲಕನ ಬೆನ್ನ ಹಿಂದೆ ಕೂರಿಸಿದ್ದು. ಬಿಡಿಭಾಗ ಕೆಟ್ಟರೆ ಯಾವ ಪೇಟೆಯಲ್ಲೂ ಸಿಗುತ್ತಿತ್ತು. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ನಾರಾಯಣ್ ಕಾರ್ತಿಕೇಯನ್ ಪಂದ್ಯಕ್ಕಿಳಿದ ಮೊದಲ ದಿನಗಳಲ್ಲಿ ಓಡಿಸಿದ್ದು ಈ ಕಾರನ್ನೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳ್ಯಂನ ಹಾದಿಗೆ ಅವರದೇ ಹೆಸರು.

ಆದರೂ ಅವರ ಹಿಂದೆ ಕಾರ್ಖಾನೆಯಿತ್ತು, ಒಂದೇ ಬಗೆಯ ಹಲವು ಕಾರು ಒಟ್ಟಿಗೆ ಓಡುವ ಪಂದ್ಯವಿತ್ತು. ಒಬ್ಬನೇ ಕಟ್ಟಿದ ಒಂಟಿ ಕಾರು ಯಾವ ದರ್ಜೆಗೂ ಹೊಂದದೆ ಶೆಡ್ಡಿನಲ್ಲೇ ಉಳಿಯಬಹುದು. ಪಂದ್ಯ ನಡೆಸುವವರ ನಿಯಮದ ಪುಸ್ತಕವನ್ನು ಮೊದಲು ತರಿಸಿ ಓದಿ. ಒಬ್ಬನೇ ದುಡಿದು ಹಣ ಹಾಕುವವನಿಗೆ ನಾನು ತಿದ್ದುವ ದಾರಿಯನ್ನೇ ಹೇಳುತ್ತೇನೆ. ಎರಡು ಹಂಗಾಮು ಓಡಿಸಿದ ಮೇಲೆ ತನಗೆ ಕಾರಿನಲ್ಲಿ ಏನು ಸಾಲದು ಎಂಬುದು ಅವನಿಗೇ ಗೊತ್ತಾಗಿರುತ್ತದೆ. ಕಟ್ಟುವುದನ್ನೇ ಕಲಿಯಬೇಕೆಂಬ ಆಸೆಯಿದ್ದರೆ, ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಮಕ್ಕಳು ಅಲ್ಲಿನ ಫಾರ್ಮುಲಾ ಭಾರತ್ ತಂಡವನ್ನು ವಿಚಾರಿಸಲಿ. ವಿದ್ಯಾರ್ಥಿಗಳೇ ಗುಂಪಾಗಿ ಕಾರು ಕಟ್ಟಿ ತರುವ ಆ ಸ್ಪರ್ಧೆ ಚೆಟ್ಟಿಪಾಳ್ಯಂನ ಹಾದಿಯಲ್ಲೇ ಹಲವು ಬಾರಿ ನಡೆದಿದೆ.