ಹಾಲಿನ ಗಾಡಿಗೆ ಕಿಲೋಮೀಟರಿಗೆ ಎಷ್ಟು ಬೀಳುತ್ತದೆ?

ಹಿಂಡಿಗೆ ಎಷ್ಟು, ಬೂಸಾಕ್ಕೆ ಎಷ್ಟು, ಔಷಧಿಗೆ ಎಷ್ಟು ಎಂದು ಕೇಳಿದರೆ ನಮ್ಮ ಸಂಘದ ತಾಯಂದಿರು ಥಟ್ಟನೆ ಹೇಳುತ್ತಾರೆ. ಡೇರಿಗೆ ಹಾಲು ಹಾಕಿ ಬರಲು ಎಷ್ಟು ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಕಾರಣ ಸರಳ. ಹಾಲಿನ ಬಟವಾಡೆ ನಿಮ್ಮ ಖಾತೆಗೆ ಬರುತ್ತದೆ, ಪೆಟ್ರೋಲಿನ ದುಡ್ಡು ಯಜಮಾನರ ಅಥವಾ ಮಗನ ಜೇಬಿನಿಂದ ಹೋಗುತ್ತದೆ. ಎರಡೂ ಒಂದೇ ಪುಸ್ತಕದಲ್ಲಿ ಸೇರುವುದೇ ಇಲ್ಲ. ಹಾಗಾಗಿ ಇನ್ನೊಂದು ಹಸು ಕಟ್ಟಬೇಕೋ ಬೇಡವೋ, ದೂರದ ಹೊಲದ ಹುಲ್ಲು ಗುತ್ತಿಗೆ ಹಿಡಿಯಬೇಕೋ ಬೇಡವೋ ಎಂದು ಯೋಚಿಸುವಾಗ ಲೆಕ್ಕದಲ್ಲಿ ಒಂದು ದೊಡ್ಡ ತೂತು ಉಳಿದಿರುತ್ತದೆ. ಪಶುವೈದ್ಯರಿಗೆ ಗಾಡಿಯ ಉಸಾಬರಿ ಯಾಕೆ ಎನ್ನಬೇಡಿ. ಹಸು ತಿಂದ ಮೇವಿಗೆ ಎಷ್ಟು ಹಾಲು ಕೊಟ್ಟಿತು ಎಂದು ನೋಡುವುದಕ್ಕೂ, ಗಾಡಿ ಕುಡಿದ ಪೆಟ್ರೋಲಿಗೆ ಎಷ್ಟು ದೂರ ಹೋಯಿತು ಎಂದು ನೋಡುವುದಕ್ಕೂ ಲೆಕ್ಕ ಒಂದೇ ಬಗೆಯದು.

ಮೊದಲು ಮೈಲೇಜ್ ನೋಡೋಣ. ಶೋರೂಮಿನವರು ಹೇಳಿದ್ದನ್ನು ಮರೆತುಬಿಡಿ. ಎರಡು ಕ್ಯಾನು ನೇತುಹಾಕಿಕೊಂಡು, ಹುಲ್ಲಿನ ಹೊರೆ ಹೇರಿಕೊಂಡು ಮಣ್ಣು ದಾರಿಯಲ್ಲಿ ಹೋಗುವ ನಿಮ್ಮ ಗಾಡಿಯ ಮೈಲೇಜ್ ಬೇರೆಯೇ. ಬಂಕಿನಲ್ಲಿ ಗಾಡಿಯನ್ನು ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿ ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರಿನಲ್ಲಿರುವ ಕಿಲೋಮೀಟರ್ ಬರೆದುಕೊಳ್ಳಿ. ಆಮೇಲೆ ಎಂದಿನಂತೆ ಓಡಿಸಿ. ಟ್ಯಾಂಕ್ ಬಹುಪಾಲು ಖಾಲಿಯಾದಾಗ ಅದೇ ಬಂಕಿನಲ್ಲಿ, ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. ಎರಡನೇ ಸಲ ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ನೀವು ಸುಟ್ಟ ಪೆಟ್ರೋಲ್. ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿ.

ಮೊದಲ ಸಲ ಹಾಕಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಅದು ಟ್ಯಾಂಕ್ ತುಂಬಲು ಮಾತ್ರ. ಮಧ್ಯೆ ನೂರು ರೂಪಾಯಿ, ಇನ್ನೂರು ರೂಪಾಯಿ ಎಂದು ಹಾಕಿಸಿದ್ದರೆ ಆ ಚೀಟಿಗಳ ಲೀಟರುಗಳನ್ನೂ, ಕೊನೆಗೆ ಪೂರ್ತಿ ತುಂಬಿಸಿದ ಲೀಟರುಗಳನ್ನೂ ಕೂಡಿಸಿ. ಮೀಟರಿನ ಕೇಬಲ್ ತುಂಡಾಗಿದೆಯೇ? ಹಳ್ಳಿಯ ಮೊಪೆಡ್‌ಗಳಲ್ಲಿ ಅರ್ಧದಷ್ಟರ ಕಥೆ ಅದೇ. ಹಾಗಿದ್ದರೆ ಡೇರಿಯ ದೂರ, ಹೊಲದ ದೂರವನ್ನು ಮೀಟರ್ ಸರಿಯಿರುವ ಬೇರೊಬ್ಬರ ಗಾಡಿಯಲ್ಲಿ ಒಮ್ಮೆ ಅಳೆದಿಟ್ಟುಕೊಂಡು, ದಿನವೂ ಎಷ್ಟು ಸಲ ಹೋದಿರಿ ಎಂದು ಕ್ಯಾಲೆಂಡರಿನಲ್ಲಿ ಗೀಟು ಹಾಕಿದರೆ ಸಾಕು.

ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ಲೆಕ್ಕ ತಿಳಿಯಲು ನಾನು ಹಾಕಿಕೊಂಡವು, ಆ ಜಾಗದಲ್ಲಿ ನಿಮ್ಮವನ್ನು ಹಾಕಿ. ಮೊದಲ ಸಲ ತುಂಬಿಸಿದಾಗ ಮೀಟರ್ 18,240, ಎರಡನೇ ಸಲ 18,402. ಓಡಿದ್ದು 162 ಕಿ.ಮೀ. ಹಿಡಿದ ಪೆಟ್ರೋಲ್ 3.6 ಲೀಟರ್. ಮೈಲೇಜ್ 45. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದುಕೊಂಡರೆ ಕಿಲೋಮೀಟರಿಗೆ 2 ರೂಪಾಯಿ 22 ಪೈಸೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಗಾಡಿ ಬರೀ ಪೆಟ್ರೋಲಿನಲ್ಲಿ ಓಡುವುದಿಲ್ಲ. ನಮ್ಮ ಉದಾಹರಣೆಯ ಗಾಡಿ ತಿಂಗಳಿಗೆ 500, ವರ್ಷಕ್ಕೆ 6,000 ಕಿ.ಮೀ. ಓಡುತ್ತದೆ. ವರ್ಷಕ್ಕೆ ಆಯಿಲ್, ಸರ್ವಿಸ್, ಟೈರು, ಬ್ರೇಕ್, ಪಂಕ್ಚರ್ ಎಲ್ಲ ಸೇರಿ 4,200 ರೂಪಾಯಿ, ವಿಮೆ 1,200 ಎಂದಿಟ್ಟುಕೊಳ್ಳಿ. ಒಟ್ಟು 5,400. ಕಿಲೋಮೀಟರಿಗೆ 90 ಪೈಸೆ. ಇನ್ನು ಗಾಡಿಯ ಸವಕಳಿ. 60,000 ಕೊಟ್ಟು ತಂದ ಗಾಡಿಯನ್ನು 6 ವರ್ಷದ ಮೇಲೆ 18,000ಕ್ಕೆ ಮಾರಿದರೆ ಕರಗಿದ್ದು 42,000. ಅಷ್ಟರಲ್ಲಿ ಓಡಿದ್ದು 36,000 ಕಿ.ಮೀ. ಅಂದರೆ ಕಿಲೋಮೀಟರಿಗೆ 1 ರೂಪಾಯಿ 17 ಪೈಸೆ. ಮೂರನ್ನೂ ಕೂಡಿಸಿದರೆ 4 ರೂಪಾಯಿ 29 ಪೈಸೆ. ಪೆಟ್ರೋಲಿನ ಹೆಚ್ಚುಕಡಿಮೆ ಎರಡರಷ್ಟು! ಸಾಲದ ಮೇಲೆ ತಂದಿದ್ದರೆ ಬಡ್ಡಿಯನ್ನೂ ಹೀಗೆಯೇ ಹಂಚಿ ಸೇರಿಸಬೇಕು.

ಈಗ ಇದನ್ನು ಹಾಲಿಗೆ ತನ್ನಿ. ಡೇರಿ 2 ಕಿ.ಮೀ. ದೂರ, ಹೋಗಿ ಬರಲು 4, ಎರಡು ಹೊತ್ತಿಗೆ 8 ಕಿ.ಮೀ. ಖರ್ಚು 34 ರೂಪಾಯಿ 32 ಪೈಸೆ. ಬೆಳಿಗ್ಗೆ 6, ಸಂಜೆ 4, ಒಟ್ಟು 10 ಲೀಟರ್ ಹಾಕುವ ಮನೆಗೆ ಲೀಟರಿಗೆ 3 ರೂಪಾಯಿ 43 ಪೈಸೆ ದಾರಿಗೇ ಹೋಯಿತು. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನದಲ್ಲಿ ಮೂರರಲ್ಲಿ ಎರಡು ಪಾಲು ಗಾಡಿಯ ಹೊಟ್ಟೆಗೆ! ಅದೇ ದಾರಿಯಲ್ಲಿ 20 ಲೀಟರ್ ಹೋದರೆ ಖರ್ಚು ಲೀಟರಿಗೆ ಅರ್ಧಕ್ಕಿಳಿಯುತ್ತದೆ. ಪಕ್ಕದ ಮನೆಯವರೂ ನೀವೂ ಒಂದು ಹೊತ್ತು ಅವರ ಗಾಡಿ, ಒಂದು ಹೊತ್ತು ನಿಮ್ಮ ಗಾಡಿ ಎಂದು ಸರದಿ ಮಾಡಿಕೊಂಡರೆ ಆಗುವುದೂ ಇದೇ. ಆದರೆ ಹಾಲನ್ನು ಮಾತ್ರ ಒಂದೇ ಕ್ಯಾನಿಗೆ ಸುರಿಯಬೇಡಿ. ಕ್ಯಾನಿನ ಮೇಲೆ ನಿಮ್ಮ ಸದಸ್ಯ ಸಂಖ್ಯೆ ಬರೆದಿರಲಿ, ಫ್ಯಾಟು ಎಸ್‌ಎನ್‌ಎಫ್ ನಿಮ್ಮ ಹೆಸರಿಗೇ ಬೇರೆಯಾಗಿ ಬರಲಿ. ಸ್ನೇಹ ಕೆಡುವುದು ಇಂಥ ಕಡೆಯೇ.

ಸಂಜೆಯ ಹಾಲನ್ನು ಇಟ್ಟುಕೊಂಡು ಬೆಳಿಗ್ಗೆ ಒಟ್ಟಿಗೆ ಒಯ್ದರೆ ಒಂದು ಓಡಾಟ ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬೇಡ. ಕರೆದ ಹಾಲು ತಂಪಾಗದೆ ಕೆಲವು ಗಂಟೆ ಕೂತರೆ ಹುಳಿಯ ದಾರಿ ಹಿಡಿಯುತ್ತದೆ, ಬೆಳಗಿನ ಒಳ್ಳೆಯ ಹಾಲನ್ನೂ ಕೆಡಿಸುತ್ತದೆ. ಹನ್ನೆರಡು ರೂಪಾಯಿ ಉಳಿಸಲು ಹೋಗಿ ಇಡೀ ಕ್ಯಾನು ವಾಪಸು ತರಬೇಕಾದೀತು.

ಹನ್ನೆರಡು ಎಂದೆ, ಹದಿನೇಳು ಎನ್ನಲಿಲ್ಲ. ಯಾಕೆಂದರೆ ಒಂದು ಓಡಾಟ ಬಿಟ್ಟ ಮಾತ್ರಕ್ಕೆ ವಿಮೆಯ ಕಂತು ಕಡಿಮೆಯಾಗುವುದಿಲ್ಲ, ಗಾಡಿ ಮನೆ ಮುಂದೆ ನಿಂತರೂ ಹಳೆಯದಾಗುತ್ತದೆ. ಉಳಿಯುವುದು ಪೆಟ್ರೋಲು ಮತ್ತು ಟೈರು, ಆಯಿಲಿನ ಸವೆತ ಮಾತ್ರ. ಅದು ಕಿಲೋಮೀಟರಿಗೆ ಸುಮಾರು 3 ರೂಪಾಯಿ. ಹಾಲು ಸಾಗಿಸಲು ಒಟ್ಟು ಎಷ್ಟು ಬೀಳುತ್ತದೆ ಎಂದು ನೋಡುವಾಗ 4.29 ಹಿಡಿಯಿರಿ. ಇನ್ನೊಂದು ಸಲ ಹೋಗಲೋ ಬೇಡವೋ ಎಂದು ತೀರ್ಮಾನಿಸುವಾಗ 3 ಹಿಡಿಯಿರಿ.

ಈ 3 ರೂಪಾಯಿಯ ಲೆಕ್ಕ ಒಂದು ಕಡೆ ನನ್ನ ಕೆಲಸವನ್ನೂ ಸುಲಭ ಮಾಡುತ್ತದೆ. ಏಳು ತಿಂಗಳ ಗಬ್ಬದ ಹಸುವನ್ನು ಬತ್ತಿಸಿ ಎಂದರೆ, ಹೊತ್ತಿಗೆ ಒಂದು ಲೀಟರ್ ಕೊಡುತ್ತಿದೆಯಲ್ಲ ಡಾಕ್ಟ್ರೇ, ಹೇಗೆ ಬಿಡೋದು ಎನ್ನುತ್ತೀರಿ. ಮನೆಯಲ್ಲಿ ಕರೆಯುವ ಹಸು ಅದೊಂದೇ ಆಗಿದ್ದರೆ ಆ ಒಂದು ಲೀಟರನ್ನು ಡೇರಿಗೆ ಮುಟ್ಟಿಸಲು 12 ರೂಪಾಯಿ, ಅದನ್ನು ಕರೆಯಲು ಹಾಕಿದ ಹಿಂಡಿ ಬೇರೆ. ಕರು ಹಾಕುವುದಕ್ಕೆ ಎರಡು ತಿಂಗಳು ಮೊದಲು ಕೆಚ್ಚಲಿಗೆ ಬಿಡುವು ಸಿಕ್ಕರೆ ಮುಂದಿನ ಸೂಲಿನ ಹಾಲು ಚೆನ್ನಾಗಿರುತ್ತದೆ. ಬತ್ತಿಸುವ ಮುನ್ನ ಕೆಚ್ಚಲನ್ನೊಮ್ಮೆ ನಮಗೆ ತೋರಿಸಿ.

ಇನ್ನು ಹುಲ್ಲು. ಹೊಲ 3 ಕಿ.ಮೀ. ದೂರವಿದ್ದರೆ ಒಂದು ಹೊರೆಗೆ 6 ಕಿ.ಮೀ., ಪೂರ್ತಿ ಲೆಕ್ಕದಲ್ಲಿ 25 ರೂಪಾಯಿ 74 ಪೈಸೆ. ಹೊರೆ 60 ಕೆ.ಜಿ. ನೇಪಿಯರ್ ಎನ್ನಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ನೀರು. ಹಸುವಿಗೆ ದಕ್ಕುವ ಒಣ ಅಂಶ ಸುಮಾರು 12 ಕೆ.ಜಿ. ಉಳಿದ 48 ಕೆ.ಜಿ. ನೀರನ್ನು ನೀವು ಪೆಟ್ರೋಲ್ ಸುಟ್ಟು ಹೊತ್ತು ತಂದಿರಿ. ನೀರು ಮನೆಯಲ್ಲೇ ಇದೆಯಲ್ಲ! ಬೆಳಿಗ್ಗೆ ಕೊಯ್ದು ಹೊಲದಲ್ಲೇ ತೆಳುವಾಗಿ ಹರಡಿ, ಬಾಡಿದ ಮೇಲೆ ಸಂಜೆ ತಂದರೆ ಅದೇ ತೂಕದ ಹೊರೆಯಲ್ಲಿ ಮೇವು ಹೆಚ್ಚು ಬರುತ್ತದೆ. ಗುಡ್ಡೆ ಹಾಕಬೇಡಿ, ಒಳಗೆ ಬಿಸಿಯಾಗಿ ಕೆಡುತ್ತದೆ. ಇದು ನೇಪಿಯರಿಗೆ ಹೇಳಿದ ಮಾತು. ಹೂ ಬಾರದ ಎಳೆ ಜೋಳದ ಮೇವು ಬಾಡಿದರೂ ವಿಷವೇ, ಅದನ್ನು ಹಾಕಲೇಬೇಡಿ.

ಮನೆ ಹತ್ತಿರ ಐದು ಗುಂಟೆ ಜಾಗವಿದ್ದು, ಕೊಟ್ಟಿಗೆ ತೊಳೆದ ನೀರು ಅಲ್ಲಿಗೆ ಹರಿಯುವಂತಿದ್ದರೆ ನೇಪಿಯರ್ ಕಡ್ಡಿ ನೆಡಿ. ಗುಂಟೆಗೆ ವರ್ಷಕ್ಕೆ 2 ಟನ್ ಬಂದರೂ ದಿನಕ್ಕೆ 27 ಕೆ.ಜಿ. ಸಿಗುತ್ತದೆ. ಹೊಲಕ್ಕೆ ದಿನಾ ಹೋಗುವವರು ದಿನ ಬಿಟ್ಟು ದಿನ ಹೋದರೆ ಸಾಕಾದೀತು. ತಿಂಗಳಿಗೆ 15 ಓಡಾಟ, ಓಡಾಟಕ್ಕೆ 18ರಂತೆ 270 ರೂಪಾಯಿ ಉಳಿಯುತ್ತದೆ, ನಿಮ್ಮ ಸೊಂಟವೂ ಉಳಿಯುತ್ತದೆ. ಪಶು ಆಹಾರದ ಮೂಟೆಗೆಂದು ಬೇರೆಯಾಗಿ ಗಾಡಿ ಕಳಿಸಬೇಡಿ. ಹಾಲು ಹಾಕಿ ಖಾಲಿ ಬರುವ ಗಾಡಿಯಲ್ಲೇ ಅದು ಬರಲಿ.

ಬೇಸಿಗೆಗೆ ಮುಂಚೆ ಒಣಹುಲ್ಲು ತರಿಸುವವರಿಗೆ ಒಂದು ಮಾತು. ಅಲ್ಲಿ ಕೆ.ಜಿ.ಗೆ 6 ರೂಪಾಯಿ, ಇಲ್ಲಿ 9, ಮೂರು ಉಳಿಯಿತು ಎಂದು ಗೂಡ್ಸ್ ಆಟೋ ಮಾತಾಡುತ್ತೀರಿ. ಬಾಡಿಗೆ 2,000. ಹುಲ್ಲು ತೂಕಕ್ಕೆ ಮುಂಚೆ ಜಾಗ ತುಂಬಿಬಿಡುತ್ತದೆ, ಹಿಡಿದದ್ದು 500 ಕೆ.ಜಿ. ಮಾತ್ರ ಎಂದರೆ ಬಾಡಿಗೆಯೇ ಕೆ.ಜಿ.ಗೆ 4 ರೂಪಾಯಿ. ಮನೆಗೆ ಬರುವಷ್ಟರಲ್ಲಿ ಅದು 10 ರೂಪಾಯಿಯ ಹುಲ್ಲು. ಬಾಡಿಗೆ ಮಾತಾಡುವ ಮೊದಲೇ ಹಿಂದಿನ ಲೋಡು ಎಷ್ಟು ತೂಗಿತ್ತು ಎಂದು ಚಾಲಕರನ್ನು ಕೇಳಿ, ತೂಕದ ಚೀಟಿ ಇದ್ದರೆ ನೋಡಿ.