ಗಾಯ ಮಾಯ್ದ ಮೇಲೆ ಮೂಡುವ ಗಂಟು

ತದಡಿ ಬಂದರಿನಲ್ಲಿ ದುಡಿಯುವವರ ಕೈಗೆ ಗಾಯ ಹೊಸತಲ್ಲ. ಬೋಟಿನ ಹಗ್ಗಕ್ಕೆ ಬೆರಳು ಸಿಲುಕುತ್ತದೆ, ಮೀನು ಕೊಯ್ಯುವ ಕತ್ತಿ ಜಾರುತ್ತದೆ, ಅಘನಾಶಿನಿಯ ಕೆಸರಿನಲ್ಲಿ ಬಳಚು ಹೆಕ್ಕುವ ಸಹೋದರಿಯರ ಬೆರಳನ್ನು ಚಿಪ್ಪು ಸೀಳುತ್ತದೆ. ಗಾಯವೇನೋ ಮಾಯುತ್ತದೆ. ಆದರೆ ತಿಂಗಳುಗಳ ಬಳಿಕ ಕೆಲವರಿಗೆ ಅದೇ ಜಾಗದಲ್ಲಿ ಚರ್ಮದಡಿ ಸಣ್ಣ ಗಂಟೊಂದು ಮೂಡುತ್ತದೆ. ತಾಗಿದರೆ ಕರೆಂಟ್ ಹೊಡೆದ ಅನುಭವ. ವುಝೂ ಮಾಡುವಾಗ ಬೆರಳ ಸಂದಿ ಉಜ್ಜಲೂ ಭಯ.

ಮನೆಯಲ್ಲಿ ಒಬ್ಬರು ಕ್ಯಾನ್ಸರ್ ಎಂದು ಕಂಗಾಲಾಗುತ್ತಾರೆ, ಇನ್ನೊಬ್ಬರು ಕೆಲಸ ತಪ್ಪಿಸುವ ನೆಪ ಎನ್ನುತ್ತಾರೆ. ಎರಡನೆಯ ಮಾತು ನೋವಿಗಿಂತಲೂ ಕ್ರೂರ. ಇಂತಹ ಗಂಟು ಹೆಚ್ಚಾಗಿ 'ಟ್ರಾಮ್ಯಾಟಿಕ್ ನ್ಯೂರೋಮಾ' ಆಗಿರುತ್ತದೆ. ಅದು ಕ್ಯಾನ್ಸರ್ ಅಲ್ಲ, ಆದರೆ ನೋವು ನಿಜ.

ನಾವು ರಕ್ತನಾಳವನ್ನೂ ನರವೆಂದೇ ಕರೆಯುತ್ತೇವೆ. ಇಲ್ಲಿ ಹೇಳುತ್ತಿರುವುದು ಸ್ಪರ್ಶ, ನೋವನ್ನು ಮೆದುಳಿಗೆ ತಲುಪಿಸುವ ನರದ ಬಗ್ಗೆ. ಅದು ತುಂಡಾದರೆ ಸುಮ್ಮನಿರುವುದಿಲ್ಲ. ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಚಿಗುರುತ್ತಾ ತನ್ನ ಇನ್ನೊಂದು ತುದಿಯನ್ನು ಹುಡುಕುತ್ತದೆ. ಸಿಕ್ಕಿದರೆ ಸ್ಪರ್ಶಜ್ಞಾನ ಮರಳಬಹುದು. ಕಲೆಯ ಗಟ್ಟಿ ಮಾಂಸ ಅಡ್ಡ ಬಂದರೆ, ಅಥವಾ ಬೆರಳೇ ಹೋಗಿದ್ದರೆ, ಎಳೆಗಳು ಹರಿದ ಬಲೆಯ ನೂಲಿನಂತೆ ಅಲ್ಲೇ ಸಿಕ್ಕುಗಟ್ಟುತ್ತವೆ. ಕಳೆದುಹೋದ ಬೆರಳ ತುದಿಯಲ್ಲೇ ನೋವಿದೆ ಎಂದು ಕೆಲವರು ಹೇಳುವುದು ಭ್ರಮೆಯಲ್ಲ. ಆ ನರದ ಸಂದೇಶವನ್ನು ಮೆದುಳು ಹಾಗೆಯೇ ಓದುತ್ತದೆ.

ಗಂಟನ್ನು ಸುಡಿಸುವುದು, ಕಂಡವರಿಂದ ಕೊಯ್ಯಿಸುವುದು ಬೇಡ. ಕತ್ತರಿಸಿದ ನರ ಮತ್ತೆ ಚಿಗುರುತ್ತದೆ. ಆದುದರಿಂದಲೇ ತಜ್ಞರು ಗಂಟನ್ನು ತೆಗೆದ ನಂತರ ನರದ ತುದಿಯನ್ನು ಸ್ನಾಯುವಿನೊಳಗೆ ಹುದುಗಿಸುತ್ತಾರೆ. 2002ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಡಾ. ಟಾಡ್ ಕುಯ್ಕೆನ್ ಮತ್ತು ಡಾ. ಗ್ರೆಗರಿ ಡುಮಾನಿಯನ್, ತುಂಡಾದ ನರವನ್ನು ಸ್ನಾಯುವಿನ ನರಕ್ಕೆ ಜೋಡಿಸುವ ವಿಧಾನ ಆರಂಭಿಸಿದರು. ಉದ್ದೇಶ ಕೃತಕ ಕೈ ಆಡಿಸುವುದಾಗಿತ್ತು. ಗಂಟಿನ ನೋವೂ ತಗ್ಗುವುದು ಬಳಿಕ ಕಂಡುಬಂತು. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ವೈದ್ಯರು ಹೇಳಿಕೊಡುವ ಮಾಲೀಸು, ನರನೋವಿನ ಮಾತ್ರೆ, ಇಂಜೆಕ್ಷನ್‌ಗಳಿಂದಲೇ ಹಲವರು ಸುಧಾರಿಸುತ್ತಾರೆ. ಸಬ್ರ್ ಎಂದುಕೊಂಡು ವರ್ಷಗಟ್ಟಲೆ ನರಳುವವರಿದ್ದಾರೆ. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರೇ ಕಲಿಸಿದ್ದಾರಲ್ಲ!

ಆಳವಾದ ಗಾಯವಾದ ದಿನವೇ ಬೆರಳ ತುದಿ ಮರಗಟ್ಟಿದೆಯೇ ನೋಡಿ. ಮರಗಟ್ಟಿದ್ದರೆ ಕಾಫಿಪುಡಿ ತುಂಬಿ ಕಟ್ಟದೆ ಆಸ್ಪತ್ರೆಗೆ ಹೋಗಿ, ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಿ. ತುಂಡಾದ ನರವನ್ನು ಆಗಲೇ ಹೊಲಿದರೆ ಗಂಟಾಗುವ ಸಂಭವ ಕಡಿಮೆ. ಗಂಟು ಬೇಗ ಬೆಳೆಯುತ್ತಿದ್ದರೆ, ಹುಣ್ಣಾದರೆ, ಹಿಂದೆ ಗಾಯವೇ ಆಗಿರದಿದ್ದರೆ ಪರೀಕ್ಷೆ ಅಗತ್ಯ. ನರ ದಪ್ಪಗಾಗಿ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಅದು ಕುಷ್ಠವೂ ಆಗಿರಬಹುದು. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ.